ನರ್ಸಿಂಗ್ ಕೆಲಸದ ಸಂದರ್ಶನಕ್ಕೆ ಹೊರಡುವ ಮುನ್ನ

ಇತ್ತೀಚಿನ ಒಂದು ಜುಮಾ ಖುತ್ಬಾದಲ್ಲಿ ನಾವು ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ರಾಜನ ಮುಂದೆ ನಿಂತ ಸಂದರ್ಭವನ್ನು ವಿವರಿಸಿದ್ದೆವು. ಸೆರೆಮನೆಯಿಂದ ಹೊರಬಂದ ಅವರು ನಾಡಿನ ಉಗ್ರಾಣಗಳ ಹೊಣೆಯನ್ನು ತಾವಾಗಿಯೇ ಕೇಳಿಕೊಂಡರು. ಕೇಳುವಾಗ ವಂಶದ ಹಿರಿಮೆ ಹೇಳಲಿಲ್ಲ, ಪಟ್ಟ ಕಷ್ಟವನ್ನು ತೋಡಿಕೊಳ್ಳಲಿಲ್ಲ. ತಮ್ಮಲ್ಲಿದ್ದ ಎರಡು ಅರ್ಹತೆಗಳನ್ನು ಮಾತ್ರ ಹೇಳಿದರು: ಒಪ್ಪಿಸಿದ್ದನ್ನು ಕಾಯುವ ಗುಣ, ಮತ್ತು ಕೆಲಸದ ಅರಿವು. ಅದು ಒಂದು ರೀತಿಯಲ್ಲಿ ಕೆಲಸದ ಸಂದರ್ಶನವೇ ಆಗಿತ್ತು ಎಂದು ನಾವು ಮಿಂಬರ್‌ನಲ್ಲಿ ಹೇಳಿದ್ದನ್ನು ಹಿಡಿದುಕೊಂಡು, ನರ್ಸಿಂಗ್ ಮುಗಿಸಿದ ಮಕ್ಕಳಿರುವ ಹಲವು ಮನೆಗಳಿಂದ ನಮಗೆ ಪ್ರಶ್ನೆಗಳು ಬಂದವು. ಇಂಟರ್ವ್ಯೂಗೆ ಕರೆದಿದ್ದಾರೆ, ಏನು ಕೇಳುತ್ತಾರೆ, ಯಾವ ದುಆ ಓದಬೇಕು, ಹಿಜಾಬಿಗೆ ಅಡ್ಡಿ ಮಾಡುತ್ತಾರಾ, ರಾತ್ರಿ ಪಾಳಿ ಬೇಡ ಅನ್ನಬಹುದಾ?

ದುಆದ ಪ್ರಶ್ನೆಗೆ ಉತ್ತರ ಸುಲಭ. ಫಿರ್‌ಔನನ ಆಸ್ಥಾನಕ್ಕೆ ಹೊರಟಾಗ ಮೂಸಾ(ಅ)ರು ಎದೆ ವಿಶಾಲವಾಗಲಿ, ಕೆಲಸ ಹಗುರಾಗಲಿ, ನಾಲಗೆಯ ಗಂಟು ಬಿಚ್ಚಲಿ ಎಂದು ಬೇಡಿದ್ದು ಸೂರಾ ತ್ವಾಹಾದಲ್ಲಿದೆ. ಮದ್ರಸದಲ್ಲಿ ಕಲಿತ ಎಲ್ಲ ಮಕ್ಕಳಿಗೂ ಅದು ಬಾಯಿಪಾಠ. ಅದನ್ನೇ ಓದಿ. ಆದರೆ ಅದೇ ಮೂಸಾ(ಅ)ರು ದುಆ ಮಾಡಿ ಸುಮ್ಮನಾಗಲಿಲ್ಲ, ತನಗಿಂತ ಚೆನ್ನಾಗಿ ಮಾತನಾಡಬಲ್ಲ ಸಹೋದರ ಹಾರೂನ್(ಅ)ರನ್ನು ಜೊತೆಗೆ ಕೊಡು ಎಂದೂ ಕೇಳಿದರು. ತನ್ನ ಮಾತಿನ ಕೊರತೆ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಅದಕ್ಕೆ ಏರ್ಪಾಡನ್ನೂ ಮಾಡಿಕೊಂಡರು. ಉಳಿದ ಪ್ರಶ್ನೆಗಳಿಗೆ ಉತ್ತರಿಸಲು ನಾವು ನಮ್ಮ ಜಮಾಅತ್‌ನಲ್ಲೇ ಇರುವ, ಆಸ್ಪತ್ರೆಗಳಲ್ಲಿ ಬಹಳ ವರ್ಷ ದುಡಿದ ಸಹೋದರಿಯರನ್ನೂ, ಗಲ್ಫ್‌ನಿಂದ ಮರಳಿದ ಇಬ್ಬರು ಸಹೋದರರನ್ನೂ ಕೇಳಿ ತಿಳಿದುಕೊಂಡೆವು. ಕೆಳಗಿರುವುದರಲ್ಲಿ ದೊಡ್ಡ ಪಾಲು ಅವರದು.

ಕಡತ ಮೊದಲು

ಸಂದರ್ಶನದ ಕೋಣೆಯಲ್ಲಿ ಮೊದಲು ಮಾತನಾಡುವುದು ನಿಮ್ಮ ಕಡತ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಮೂರು ವರ್ಷದ ಜಿ.ಎನ್.ಎಂ. ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ನ ಪ್ರತಿ ವರ್ಷದ ಅಂಕಪಟ್ಟಿ, ಕೋರ್ಸ್ ಮುಗಿಸಿದ ಪ್ರಮಾಣಪತ್ರ, ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ, ಆಧಾರ್, ಭಾವಚಿತ್ರ, ಕೆಲಸ ಮಾಡಿದ್ದರೆ ಅನುಭವ ಪತ್ರ. ಇದರೊಂದಿಗೆ ಹೆಪಟೈಟಿಸ್ ಬಿ ಲಸಿಕೆಯ ದಾಖಲೆಯನ್ನೂ ಇಡಿ. ಆ ಲಸಿಕೆಯನ್ನು ಮೊದಲ ದಿನ, ಒಂದು ತಿಂಗಳ ಬಳಿಕ ಮತ್ತು ಆರನೇ ತಿಂಗಳಲ್ಲಿ, ಹೀಗೆ ಮೂರು ಸಲ ಹಾಕಿಸಬೇಕು. ಎರಡು ಡೋಸ್ ಆದ ಮೇಲೆ ಮರೆತುಬಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಅದು ಕೆಲಸಕ್ಕಾಗಿ ಮಾತ್ರ ಅಲ್ಲ, ಸೂಜಿ ಹಿಡಿಯುವ ಕೈಯ ರಕ್ಷಣೆಗಾಗಿ.

ಪರಿಷತ್ತಿನ ನೋಂದಣಿಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಪದವಿ ಬಂದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ರಾಜ್ಯ ಪರಿಷತ್ತಿನಲ್ಲಿ ಹೆಸರು ದಾಖಲಾಗಿ ಸಂಖ್ಯೆ ಸಿಕ್ಕ ಮೇಲೆಯೇ ಕಾನೂನಿನ ಪ್ರಕಾರ ನರ್ಸ್. ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕದೆ, ಮದುವೆ ಮಾತುಕತೆಯೋ ಮತ್ತೊಂದೋ ಎಂದು ವರ್ಷಗಟ್ಟಲೆ ತಳ್ಳಿದ ಮನೆಗಳನ್ನು ನಾವು ಬಲ್ಲೆವು. ಕೊನೆಗೆ ಕೆಲಸಕ್ಕೆ ಕರೆ ಬಂದಾಗ ಓಡಾಟ ಶುರುವಾಗುತ್ತದೆ.

ಮೂಲ ಪ್ರಮಾಣಪತ್ರಗಳನ್ನು ತೋರಿಸಿ, ಪ್ರತಿಗಳನ್ನು ಕೊಡಿ, ಮೂಲವನ್ನು ಕೈಯಲ್ಲೇ ಹಿಡಿದು ಮರಳಿ. ನಮ್ಮ ಜಮಾಅತ್‌ನ ಒಬ್ಬ ಹುಡುಗಿಯ ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯೊಂದು ಸೇರುವಾಗಲೇ ತೆಗೆದಿಟ್ಟುಕೊಂಡಿತ್ತು. ಬೇರೆ ಕಡೆ ಒಳ್ಳೆಯ ಅವಕಾಶ ಬಂದಾಗ ಅವು ಸಿಗದೆ ಆ ಅವಕಾಶವೇ ಕೈತಪ್ಪಿತು. ಪರಿಶೀಲನೆಗೆಂದು ಇಟ್ಟುಕೊಳ್ಳಲೇಬೇಕು ಎಂದರೆ, ಏನೇನು ಪಡೆದರು ಮತ್ತು ಯಾವ ದಿನ ಹಿಂದಿರುಗಿಸುತ್ತಾರೆ ಎಂದು ಬರೆದ ಸಹಿ ಮಾಡಿದ ಚೀಟಿ ಕೇಳಿ. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂದು ಕುರ್‌ಆನ್ ಅಷ್ಟು ದೀರ್ಘವಾಗಿ ಕಲಿಸಿರುವಾಗ, ಬರಹ ಕೇಳುವುದು ಅವಿಶ್ವಾಸ ಎಂದು ನಾಚಬೇಕಾಗಿಲ್ಲ.

ನಿನ್ನ ಬಗ್ಗೆ ಹೇಳು

ಬಹುತೇಕ ಕಡೆ ಮೊದಲ ಪ್ರಶ್ನೆ ಇದೇ. ನಮ್ಮ ಮಕ್ಕಳು ಇದಕ್ಕೆ ತಂದೆಯ ಹೆಸರು, ಊರು, ಒಡಹುಟ್ಟಿದವರೆಷ್ಟು ಎಂದು ಶುರು ಮಾಡುತ್ತಾರೆ. ಕೇಳುವವರಿಗೆ ಬೇಕಾದದ್ದು ಬೇರೆ. ಏನು ಓದಿದ್ದೀರಿ, ಎಲ್ಲಿ ಕ್ಲಿನಿಕಲ್ ಪೋಸ್ಟಿಂಗ್ ಆಯಿತು, ಯಾವ ವಾರ್ಡಿನಲ್ಲಿ ಎಷ್ಟು ದಿನ, ಯಾವ ಕೆಲಸವನ್ನು ಯಾರ ಸಹಾಯವಿಲ್ಲದೆ ಮಾಡಬಲ್ಲಿರಿ, ಯಾವುದಕ್ಕೆ ಇನ್ನೂ ಮೇಲ್ವಿಚಾರಣೆ ಬೇಕು. ಕೊನೆಯದನ್ನು ಹೇಳಲು ಹೆದರಬೇಡಿ. ಐಸಿಯುನಲ್ಲಿ ನೋಡಿದ್ದೇನೆ, ವೆಂಟಿಲೇಟರ್ ರೋಗಿಯನ್ನು ಒಬ್ಬಳೇ ನೋಡಿಕೊಂಡಿಲ್ಲ ಎಂದು ಹೇಳುವ ಹುಡುಗಿಯ ಉಳಿದ ಮಾತುಗಳನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ನಂಬುತ್ತಾರೆ. ಎಲ್ಲವೂ ಬರುತ್ತದೆ ಎಂದವಳಿಗೆ ಮುಂದಿನ ಪ್ರಶ್ನೆಯಲ್ಲೇ ಕಷ್ಟ.

ಇಂಗ್ಲಿಷಿನ ಭಯ ದೊಡ್ಡದು. ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗಿಗೆ ಬಂದವರು ನಾಲ್ಕು ವರ್ಷ ಇಂಗ್ಲಿಷ್ ಪುಸ್ತಕ ಓದಿದರೂ ಬಾಯಿಬಿಟ್ಟು ಮಾತನಾಡಿರುವುದಿಲ್ಲ. ಅದಕ್ಕೆ ಹಾರೂನ್(ಅ)ರಂಥ ಒಬ್ಬರು ಮನೆಯಲ್ಲೇ ಸಿಗುತ್ತಾರೆ. ತಮ್ಮನೋ ಚಿಕ್ಕಮ್ಮನ ಮಗಳೋ ಎದುರು ಕುಳಿತು ಪ್ರಶ್ನೆ ಕೇಳಲಿ, ನೀವು ಜೋರಾಗಿ ಉತ್ತರ ಹೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದು ಕೇಳಿ. ಹತ್ತು ದಿನ ಮಗ್ರಿಬ್ ಬಳಿಕ ಅರ್ಧ ಗಂಟೆ ಮಾಡಿದರೆ ಸಾಕು. ಪದ ತೋಚದಿದ್ದರೆ, ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿ. ನಮ್ಮ ಕರಾವಳಿಯ ಆಸ್ಪತ್ರೆಗಳಿಗೆ ಬರುವ ರೋಗಿಗಳು ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಕನ್ನಡ ಮಾತನಾಡುವವರು. ನಿಮಗೆ ಇವುಗಳಲ್ಲಿ ಮೂರು ಭಾಷೆ ಬಂದರೆ ಅದನ್ನು ಅರ್ಹತೆಯಾಗಿ ಹೇಳಿ. ಎದೆನೋವು ಎಂದು ಬಂದ ಉಮ್ಮನಿಗೆ ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವರ ಭಾಷೆಯಲ್ಲೇ ಕೇಳಬಲ್ಲವಳು ವೈದ್ಯರಿಗೆ ಎಷ್ಟು ಉಪಕಾರಿ ಎಂಬುದು ಆಸ್ಪತ್ರೆಯವರಿಗೆ ಗೊತ್ತಿದೆ.

ಕೆಲಸದ ಅರಿವು

ವಿಷಯದ ಪ್ರಶ್ನೆಗಳು ಕಠಿಣ ಗ್ರಂಥಗಳಿಂದ ಬರುವುದಿಲ್ಲ. ವಾರ್ಡಿನಲ್ಲಿ ದಿನಾ ಮಾಡುವುದನ್ನೇ ಕೇಳುತ್ತಾರೆ, ಏಕೆ ಹಾಗೆ ಎಂದು ಕೇಳುತ್ತಾರೆ. ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20, ಆಮ್ಲಜನಕದ ಪ್ರಮಾಣ ಸಾಮಾನ್ಯವಾಗಿ 95 ಶೇಕಡಕ್ಕಿಂತ ಮೇಲೆ ಎಂಬುದು ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೆ ಶಸ್ತ್ರಚಿಕಿತ್ಸೆ ಆದ ರೋಗಿಯ ನಾಡಿ 120ಕ್ಕೆ ಏರಿ ರಕ್ತದೊತ್ತಡ ಇಳಿಯುತ್ತಿದ್ದರೆ ಏನು ಅರ್ಥ ಎಂದರೆ ತಡವರಿಸುತ್ತಾರೆ. ಒಳಗೆ ರಕ್ತಸ್ರಾವ ಆಗುತ್ತಿರಬಹುದು, ಗಾಯದ ಪಟ್ಟಿ ಮತ್ತು ಡ್ರೈನ್ ನೋಡಬೇಕು, ಕೂಡಲೇ ವೈದ್ಯರಿಗೆ ತಿಳಿಸಬೇಕು ಎಂಬಲ್ಲಿಗೆ ಯೋಚನೆ ಹೋಗಬೇಕು. ಸಂಖ್ಯೆಗಿಂತ ಸಂಖ್ಯೆ ಯಾವ ಕಡೆ ಸರಿಯುತ್ತಿದೆ ಎಂಬುದು ಮುಖ್ಯ.

ಲೆಕ್ಕ ಖಂಡಿತ ಕೇಳುತ್ತಾರೆ. 500 ಮಿ.ಲೀ. ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ 20 ಹನಿಗೆ 1 ಮಿ.ಲೀ.; ನಿಮಿಷಕ್ಕೆ ಎಷ್ಟು ಹನಿ? 500ನ್ನು 20ರಿಂದ ಗುಣಿಸಿದರೆ 10,000 ಹನಿ. 4 ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ಸುಮಾರು 42. ಮಕ್ಕಳಿಗೆ ಬಳಸುವ ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ 1 ಮಿ.ಲೀ. ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ. ಎಂದಿದೆಯೋ ನಿಮಿಷಕ್ಕೆ ಅಷ್ಟೇ ಹನಿ. ಮದ್ರಸದಲ್ಲಿ ಝಕಾತ್‌ನ ಲೆಕ್ಕ ಮಾಡಿದವರಿಗೆ ಇದು ಕಷ್ಟವಲ್ಲ. ಕಾಗದದಲ್ಲಿ ಹಂತಹಂತವಾಗಿ ಬರೆದು ಮಾಡಿ, ಮನಸ್ಸಿನಲ್ಲೇ ಮಾಡಿ ಬುದ್ಧಿವಂತಿಕೆ ತೋರಿಸಲು ಹೋಗಬೇಡಿ. ವಾರ್ಡಿನಲ್ಲೂ ಹಾಗೆಯೇ ಮಾಡಬೇಕಾದದ್ದು.

ಇನ್ಸುಲಿನ್ ಬಗ್ಗೆ ಕೇಳದ ಸಂದರ್ಶನ ಕಡಿಮೆ. ನಮ್ಮ ದೇಶದಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ವಯಲ್ ಇದೆ, 100 ಯೂನಿಟ್ ಇರುವುದೂ ಇದೆ. ಎರಡಕ್ಕೂ ಸಿರಿಂಜ್ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ವಯಲಿನಿಂದ 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಹೋಗುತ್ತದೆ. ಆ ರೋಗಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು, ಸಾಯಲೂಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಗೆ ಇನ್ಸುಲಿನ್ ಹಾಕುವವರೂ ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ. ಪೊಟ್ಯಾಸಿಯಂ ಕ್ಲೋರೈಡ್ ಇನ್ನೊಂದು. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ದ್ರವದಲ್ಲಿ ಬೆರೆಸಿ, ನಿಧಾನವಾಗಿ, ನಿಗಾದಲ್ಲಿಯೇ ಕೊಡಬೇಕು.

ರಕ್ತ ಕೊಡುತ್ತಿರುವಾಗ ರೋಗಿಗೆ ಚಳಿ, ನಡುಕ, ಬೆನ್ನುನೋವು ಶುರುವಾದರೆ? ಓಡಿಹೋಗಿ ವೈದ್ಯರನ್ನು ಕರೆಯುವುದು ಎಂದು ಹಲವರ ಉತ್ತರ. ಮೊದಲು ರಕ್ತವನ್ನು ನಿಲ್ಲಿಸಬೇಕು. ಆಮೇಲೆ ಹೊಸ ಸೆಟ್ಟಿನಲ್ಲಿ ನಾರ್ಮಲ್ ಸಲೈನ್ ಹಾಕಿ ನಾಳವನ್ನು ತೆರೆದಿಟ್ಟು, ನಾಡಿ, ರಕ್ತದೊತ್ತಡ, ಜ್ವರ ನೋಡಿ ವೈದ್ಯರಿಗೆ ತಿಳಿಸಬೇಕು. ರಕ್ತದ ಚೀಲವನ್ನು ಎಸೆಯದೆ ಸೆಟ್ಟಿನ ಸಮೇತ ರಕ್ತನಿಧಿಗೆ ಕಳುಹಿಸಬೇಕು. ಹೃದಯ ನಿಂತವರಿಗೆ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ, 30 ಒತ್ತಡಕ್ಕೆ 2 ಉಸಿರು. ಇದನ್ನು ಬಾಯಲ್ಲಿ ಹೇಳಿಸುವುದಷ್ಟೇ ಅಲ್ಲ, ಗೊಂಬೆಯ ಮೇಲೆ ಮಾಡಿಸಿಯೂ ನೋಡುತ್ತಾರೆ.

ಕಸದ ಬಣ್ಣಗಳನ್ನು ಚಿಕ್ಕ ವಿಷಯ ಎಂದುಕೊಳ್ಳಬೇಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ತಾಗಿದ ಹತ್ತಿ, ಬ್ಯಾಂಡೇಜು, ದೇಹದ ಭಾಗಗಳು ಹಳದಿ ಚೀಲಕ್ಕೆ. ಸಲೈನ್ ಸೆಟ್, ಕ್ಯಾತಿಟರ್, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿಹೋಗದ ಬಿಳಿ ಡಬ್ಬಕ್ಕೆ. ಗಾಜಿನ ವಯಲು ನೀಲಿಗೆ. ತಪ್ಪಾಗಿ ಹಾಕಿದ ಒಂದು ಸೂಜಿ ಚುಚ್ಚುವುದು ಕಸ ಒಯ್ಯುವ ಬಡವನ ಕೈಗೆ. ನಿಮಗೇ ಚುಚ್ಚಿದರೆ ಏನು ಮಾಡುತ್ತೀರಿ ಎಂದೂ ಕೇಳುತ್ತಾರೆ. ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡುವುದು ಉತ್ತಮ, 72 ಗಂಟೆ ಮೀರಬಾರದು. ನಾಚಿಕೆಯಿಂದಲೋ ಬೈಗುಳದ ಭಯದಿಂದಲೋ ಮುಚ್ಚಿಟ್ಟರೆ ಆ ಗಂಟೆಗಳು ಮರಳಿ ಬರುವುದಿಲ್ಲ.

ತಪ್ಪು ಮಾತ್ರೆ ಕೊಟ್ಟೆ ಎಂದರೆ?

ಈ ಪ್ರಶ್ನೆಯ ಬಗ್ಗೆ ನಾವು ಸ್ವಲ್ಪ ಹೆಚ್ಚು ಹೇಳುತ್ತೇವೆ, ಏಕೆಂದರೆ ಇದು ನಮ್ಮ ಕ್ಷೇತ್ರವೂ ಹೌದು. ಒಬ್ಬ ರೋಗಿಗೆ ಕೊಡಬೇಕಾದ ಔಷಧಿಯನ್ನು ಪಕ್ಕದ ಹಾಸಿಗೆಯವನಿಗೆ ಕೊಟ್ಟಿದ್ದೀರಿ, ಯಾರೂ ನೋಡಲಿಲ್ಲ, ರೋಗಿಯೂ ಚೆನ್ನಾಗಿದ್ದಾನೆ. ಏನು ಮಾಡುತ್ತೀರಿ? ಹುಡುಗಿಯರು ಇದನ್ನು ಸಿಕ್ಕಿಸುವ ಪ್ರಶ್ನೆ ಎಂದುಕೊಂಡು, ನಾನು ಅಂಥ ತಪ್ಪು ಮಾಡುವುದೇ ಇಲ್ಲ ಎನ್ನುತ್ತಾರೆ. ಅದು ಉತ್ತರವಲ್ಲ. ಕೇಳುವವರು ನೋಡುವುದು, ಇವಳು ಹೇಳುವವಳೋ ಮುಚ್ಚುವವಳೋ ಎಂದು. ರೋಗಿಯನ್ನು ಮೊದಲು ನೋಡುತ್ತೇನೆ, ಅಲರ್ಜಿ ಇದೆಯೇ ಎಂದು ಕೇಸ್ ಶೀಟ್ ತೆಗೆಯುತ್ತೇನೆ, ವೈದ್ಯರಿಗೂ ವಾರ್ಡ್ ಇನ್‌ಚಾರ್ಜ್‌ಗೂ ಆಗಲೇ ತಿಳಿಸುತ್ತೇನೆ, ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ, ಔಷಧಿ ಸಿಗದೆ ಉಳಿದ ಮೊದಲ ರೋಗಿಗೂ ಅದು ತಲುಪುವಂತೆ ನೋಡುತ್ತೇನೆ. ಕೊನೆಯ ಭಾಗವನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ ಎಂದು ಒಬ್ಬ ಹಿರಿಯ ಸಹೋದರಿ ನಗುತ್ತಾ ಹೇಳಿದರು.

ಮದ್‌ಯನ್‌ನ ಆ ಹುಡುಗಿ ತಂದೆಗೆ ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಶಿಫಾರಸು ಮಾಡಿದಾಗ ಹೇಳಿದ ಎರಡು ಗುಣಗಳು ಬಲ ಮತ್ತು ನಂಬಿಕಸ್ಥಿಕೆ. ಸೂರಾ ಅಲ್ ಖಸಸ್‌ನಲ್ಲಿದೆ. ನಮ್ಮ ಮಕ್ಕಳು ಬಲಕ್ಕೆ, ಅಂದರೆ ಅಂಕಕ್ಕೆ, ಟ್ಯೂಷನ್ನಿಗೆ ಹೋಗುತ್ತಾರೆ. ಎರಡನೆಯದನ್ನು ಯಾವ ಕಾಲೇಜೂ ಕೊಡುವುದಿಲ್ಲ. ರಾತ್ರಿ ಎರಡು ಗಂಟೆಗೆ ರಕ್ತದೊತ್ತಡ ನೋಡದೆಯೇ ಚಾರ್ಟಿನಲ್ಲಿ 120/80 ಎಂದು ಬರೆಯುವುದು ಸುಳ್ಳು ಸಾಕ್ಷ್ಯವೇ ಹೌದು, ಅದಕ್ಕೆ ಬೇರೆ ಹೆಸರಿಲ್ಲ.

ಉಡುಪು, ತೋಳು, ಸ್ಯಾನಿಟೈಸರ್

ಅಂದು ಧರಿಸುವ ಬಟ್ಟೆ ಶುಚಿಯಾಗಿರಲಿ, ಇಸ್ತ್ರಿ ಮಾಡಿರಲಿ, ಮಿನುಗು ಬೇಡ. ಪಿನ್ನುಗಳು ಹೆಚ್ಚು ಬೇಡ, ಶಿರವಸ್ತ್ರದ ತುದಿ ಒಳಗೆ ಸೇರಿಸಿರಲಿ. ನೇತಾಡುವ ಬಟ್ಟೆ ರೋಗಿಯ ಗಾಯಕ್ಕೆ ತಾಗುತ್ತದೆ ಎಂಬುದು ಆಸ್ಪತ್ರೆಯ ಸರಿಯಾದ ಆಕ್ಷೇಪ. ಉಗುರು ಕತ್ತರಿಸಿ. ಕೃತಕ ಉಗುರು, ಬಣ್ಣ ಎರಡೂ ಅಲ್ಲಿಯೂ ನಡೆಯುವುದಿಲ್ಲ, ವುಝೂವಿಗೂ ಸರಿಯಲ್ಲ.

ಹಿಜಾಬಿನ ಪ್ರಶ್ನೆಗಿಂತ ನಿಜವಾಗಿ ತೊಡಕಾಗುವುದು ತೋಳಿನ ಪ್ರಶ್ನೆ. ಕೈಗಳನ್ನು ಮಣಿಕಟ್ಟಿನ ಮೇಲಿನವರೆಗೆ ತೊಳೆಯಬೇಕಾದ್ದರಿಂದ ಹಲವೆಡೆ ಮೊಣಕೈ ಕೆಳಗೆ ಬಟ್ಟೆ, ಬಳೆ, ವಾಚು ಇರಬಾರದು ಎಂಬ ನಿಯಮವಿದೆ. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಇದು ಬಂದಾಗ ಮುಸ್ಲಿಂ ನರ್ಸ್‌ಗಳೂ ವೈದ್ಯೆಯರೂ ಪ್ರಶ್ನೆ ಎತ್ತಿದರು; ಒಮ್ಮೆ ಬಳಸಿ ಎಸೆಯುವ ತೋಳುಗವಸು ಬಳಸಬಹುದು ಎಂದು ಅಲ್ಲಿನ ಆರೋಗ್ಯ ಇಲಾಖೆ 2010ರಲ್ಲಿ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸ. ಕೇಳಿ, ಆದರೆ ಸಂದರ್ಶನದ ಕೊನೆಯಲ್ಲಿ, ವಿನಯದಿಂದ, ನಿಮ್ಮ ಸಮವಸ್ತ್ರದ ನಿಯಮ ಏನು, ರೋಗಿಯನ್ನು ಮುಟ್ಟದ ಹೊತ್ತಿನಲ್ಲಿ ತೋಳು ಇಳಿಸಬಹುದೇ ಎಂದು ಕೇಳಿ. ಮೊದಲೇ ಇದನ್ನೇ ಎತ್ತಿದರೆ ಕೆಲಸಕ್ಕಿಂತ ವಾದಕ್ಕೆ ಬಂದಂತೆ ಕಾಣುತ್ತದೆ. ರೋಗಿಯ ಸೋಂಕು ತಡೆಯುವುದು ಕೂಡಾ ದೀನಿನ ವಿಷಯವೇ ಎಂಬುದನ್ನು ಮನೆಯವರೂ ನೆನಪಿಡಲಿ.

ಸ್ಯಾನಿಟೈಸರಿನಲ್ಲಿ ಆಲ್ಕೋಹಾಲ್ ಇದೆಯಲ್ಲ ಎಂದು ಕೇಳುವವರು ಈಗಲೂ ಇದ್ದಾರೆ. ಕೈ ಶುಚಿತ್ವದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯಲ್ಲೇ ಮುಸ್ಲಿಮರ ಈ ಪ್ರಶ್ನೆಯ ಚರ್ಚೆ ಇದೆ. ಮಕ್ಕಾದ ರಾಬಿತಾದ ವಿದ್ವಾಂಸರು 2002ರಲ್ಲಿ ಇಂಥ ಬಳಕೆಗೆ ಅನುಮತಿ ಇದೆ ಎಂದದ್ದನ್ನೂ ಅದರಲ್ಲಿ ಹೇಳಲಾಗಿದೆ. ಆದ್ದರಿಂದ ಹಿಂಜರಿಯದೆ ಉಜ್ಜಿ. ಯಾವಾಗ ಉಜ್ಜಬೇಕು ಎಂಬುದು ಸಂದರ್ಶನದ ಪ್ರಶ್ನೆ: ರೋಗಿಯನ್ನು ಮುಟ್ಟುವ ಮೊದಲು, ಶುಚಿತ್ವ ಬೇಕಾದ ಕೆಲಸದ ಮೊದಲು, ದೇಹದ ದ್ರವ ತಾಗಿರಬಹುದಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಹಾಸಿಗೆ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ದಿನಕ್ಕೆ ಐದು ಸಲ ವುಝೂ ಮಾಡುವವರಿಗೆ ಐದನ್ನು ನೆನಪಿಡುವುದು ಕಷ್ಟವಾಗಬಾರದು.

ಪುರುಷ ರೋಗಿಗಳ ಶುಶ್ರೂಷೆ ಮಾಡಬಹುದೇ ಎಂಬುದಕ್ಕೆ ಉತ್ತರ ಮದೀನಾದಲ್ಲೇ ಇದೆ. ಖಂದಕ್ ಯುದ್ಧದಲ್ಲಿ ಬಾಣ ತಾಗಿದ ಸಅದ್ ಬಿನ್ ಮುಆದ್(ರ)ರನ್ನು ಚಿಕಿತ್ಸೆಗಾಗಿ ರುಫೈದಾ(ರ) ಎಂಬ ಮಹಿಳೆಯ ಬಳಿ ಇರಿಸಲಾಯಿತು. ರುಬಯ್ಯಿ ಬಿಂತ್ ಮುಅವ್ವಿದ್(ರ)ರಂಥ ಸಹಾಬಿ ಮಹಿಳೆಯರು ರಣರಂಗದಲ್ಲಿ ಗಾಯಾಳುಗಳಿಗೆ ನೀರು ಕೊಟ್ಟು ಆರೈಕೆ ಮಾಡಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಅಗತ್ಯಕ್ಕೆ ತಕ್ಕಷ್ಟು, ರೋಗಿಯ ಮರ್ಯಾದೆ ಕಾಯುತ್ತಾ ಮಾಡುವ ಸೇವೆಯಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಪರದೆ ಎಳೆಯದೆ ರೋಗಿಯ ಬಟ್ಟೆ ಸರಿಸಬಾರದು ಎಂಬುದು ನರ್ಸಿಂಗ್ ಪುಸ್ತಕದಲ್ಲೂ ಇದೆ.

ಹೆತ್ತವರಿಗೆ

ರಾತ್ರಿ ಪಾಳಿ ಒಪ್ಪುತ್ತೀರಾ ಎಂದು ಕೇಳಿದಾಗ ಹುಡುಗಿ ಹೊರಗೆ ಕುಳಿತ ತಂದೆಯ ಕಡೆ ನೋಡಿದರೆ ಸಂದರ್ಶನ ಅಲ್ಲಿಗೆ ಮುಗಿಯಿತು. ಈ ಮಾತು ಮನೆಯಲ್ಲಿ ಒಂದು ವಾರ ಮೊದಲೇ ತೀರ್ಮಾನ ಆಗಿರಬೇಕು. ರೋಗಿಗೆ ರಾತ್ರಿ ಹೊತ್ತು ಕಾಯಿಲೆ ಇರುವುದಿಲ್ಲ ಎಂದೇನೂ ಇಲ್ಲ. ನಮ್ಮ ತಾಯಿ ಐಸಿಯುನಲ್ಲಿ ಮಲಗಿದ್ದಾಗ ರಾತ್ರಿ ಹೆಣ್ಣು ನರ್ಸೇ ಬೇಕು ಎಂದು ಕೇಳುವವರು ನಾವೇ. ಬೇರೆಯವರ ಮಗಳು ರಾತ್ರಿ ಎದ್ದಿರಲಿ, ನಮ್ಮ ಮಗಳು ಬೇಡ ಎನ್ನುವುದು ನ್ಯಾಯವಲ್ಲ. ನಿಮ್ಮ ಕಳವಳಕ್ಕೆ ಆಧಾರ ಇದ್ದರೆ ಅದನ್ನು ಪ್ರಶ್ನೆಯಾಗಿ ಮಾಡಿ: ಪಾಳಿ ಎಷ್ಟು ಗಂಟೆಗೆ ಬದಲಾಗುತ್ತದೆ, ವಾಹನ ಇದೆಯೇ, ಹಾಸ್ಟೆಲ್ ಆಸ್ಪತ್ರೆಯ ಆವರಣದಲ್ಲೇ ಇದೆಯೇ, ತಿಂಗಳಿಗೆ ಎಷ್ಟು ರಾತ್ರಿ? ಇವುಗಳನ್ನು ಮಗಳೇ ಕೇಳಲಿ. ಕೋಣೆಯೊಳಗೆ ನೀವು ಹೋಗಬೇಡಿ, ಸಂಬಳದ ಮಾತನ್ನು ನೀವು ಎತ್ತಬೇಡಿ.

ಮದುವೆಯ ನಂತರ ಕೆಲಸ ಬಿಡುತ್ತೀರಾ ಎಂದೂ ಕೆಲವರು ಕೇಳುತ್ತಾರೆ. ಸದ್ಯ ಕೆಲಸ ಕಲಿತು ಮುಂದುವರಿಯುವ ಉದ್ದೇಶವಿದೆ ಎಂಬಷ್ಟು ಸಾಕು. ಆದರೆ ಅದು ನಿಜವಾಗಿರಬೇಕಾದರೆ ಮನೆಯವರು ಸಂಬಂಧ ನೋಡುವಾಗಲೇ ಮಗಳು ನರ್ಸ್, ಕೆಲಸ ಮಾಡುತ್ತಾಳೆ ಎಂದು ಸ್ಪಷ್ಟವಾಗಿ ಹೇಳಿರಬೇಕು. ನಾಲ್ಕು ವರ್ಷದ ಶುಲ್ಕ ಕಟ್ಟಲು ಚಿನ್ನ ಅಡವಿಟ್ಟ ಮನೆಗಳಲ್ಲೇ, ನಿಖಾಹ್ ಆದ ಆರು ತಿಂಗಳಿಗೆ ಸಮವಸ್ತ್ರ ಕಪಾಟು ಸೇರಿದ್ದನ್ನು ನಾವು ನೋಡಿದ್ದೇವೆ. ಗಂಡುಮಕ್ಕಳೂ ಈ ಕೆಲಸಕ್ಕೆ ಹೋಗಲಿ. ಅಪಘಾತ ವಿಭಾಗದಲ್ಲಿ, ಡಯಾಲಿಸಿಸ್‌ನಲ್ಲಿ ಅವರಿಗೆ ಬೇಡಿಕೆಯಿದೆ. ಅದು ಹೆಣ್ಣಿನ ಕೆಲಸ ಎಂದು ನಗುವವರ ಮಾತಿಗೆ ಬೆಲೆ ಕೊಡಬೇಡಿ.

ಗಲ್ಫ್‌ನ ಸಂದರ್ಶನ

ಸೌದಿ, ಯುಎಇ, ಕತಾರ್‌ಗೆ ಹೋಗಬೇಕೆನ್ನುವವರಿಗೆ ಸಾಮಾನ್ಯವಾಗಿ ಎರಡು ವರ್ಷದ ಅನುಭವ, ಆಯಾ ದೇಶದ ಪರವಾನಗಿ ಪರೀಕ್ಷೆ ಮತ್ತು ಡೇಟಾಫ್ಲೋ ಪರಿಶೀಲನೆ ಬೇಕಾಗುತ್ತದೆ. ಡೇಟಾಫ್ಲೋ ಎಂದರೆ ನಿಮ್ಮ ಪದವಿ, ನೋಂದಣಿ, ಅನುಭವ ಪತ್ರಗಳನ್ನು ಕೊಟ್ಟ ಕಾಲೇಜಿಗೆ, ಪರಿಷತ್ತಿಗೆ, ಆಸ್ಪತ್ರೆಗೇ ನೇರವಾಗಿ ಬರೆದು ಕೇಳುವುದು. ಇಲ್ಲೇ ಹಲವರು ಜಾರುತ್ತಾರೆ. ಆರು ತಿಂಗಳು ಕೆಲಸ ಮಾಡಿ ಎರಡು ವರ್ಷದ ಪತ್ರವನ್ನು ಹಣಕ್ಕೆ ಮಾಡಿಸಿಕೊಡುವವರು ಇದ್ದಾರೆ. ಎಲ್ಲರೂ ಮಾಡುತ್ತಾರೆ ಎಂದು ಏಜೆಂಟ್ ಹೇಳುತ್ತಾನೆ. ಸಿಕ್ಕಿಬಿದ್ದರೆ ಆ ದಾಖಲೆ ನಿಮ್ಮ ಹೆಸರಿನ ಮೇಲೆ ಉಳಿಯುತ್ತದೆ, ಏಜೆಂಟನ ಹೆಸರಿನ ಮೇಲಲ್ಲ. ಸಿಕ್ಕಿಬೀಳದಿದ್ದರೂ, ಮಾಡದ ಐಸಿಯು ಅನುಭವ ತೋರಿಸಿ ಐಸಿಯುನಲ್ಲಿ ನಿಂತಾಗ ಮುಂದೆ ಇರುವುದು ಕಾಗದವಲ್ಲ, ಉಸಿರಾಡುವ ಮನುಷ್ಯ. ಆ ಸಂಪಾದನೆಯ ಬಗ್ಗೆ ನಮ್ಮನ್ನು ಕೇಳಿದರೆ ಅದು ಹಲಾಲ್ ಎಂದು ನಾವು ಹೇಳಲಾರೆವು.

ಹಣದ ಮಾತು. ವಲಸೆ ಕಾಯ್ದೆ 1983ರ ಅಡಿಯಲ್ಲಿ ನೋಂದಾಯಿತ ಏಜೆಂಟ್ ಕೆಲಸಕ್ಕೆ ಹೋಗುವವರಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯಿದೆ. 2015ರಲ್ಲಿ ಕುವೈತ್‌ಗೆ ನರ್ಸ್‌ಗಳನ್ನು ಕಳುಹಿಸಿದ ಕೊಚ್ಚಿಯ ಏಜೆನ್ಸಿಯೊಂದು 19,500 ರೂಪಾಯಿ ಪಡೆಯಬೇಕಾದಲ್ಲಿ ಒಬ್ಬೊಬ್ಬರಿಂದ ಸುಮಾರು 19.5 ಲಕ್ಷ ವಸೂಲಿ ಮಾಡಿದ ಆರೋಪದಲ್ಲಿ ಸಿಬಿಐ ಪ್ರಕರಣ ದಾಖಲಾಯಿತು. ಅದೇ ವರ್ಷ ಕೇಂದ್ರ ಸರಕಾರ ಸೌದಿ, ಯುಎಇ, ಕುವೈತ್ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸ್‌ಗಳ ನೇಮಕಾತಿಯನ್ನು ಇ-ಮೈಗ್ರೇಟ್ ವ್ಯವಸ್ಥೆಯೊಳಗೆ ತಂದು, ಸರಕಾರಿ ಏಜೆನ್ಸಿಗಳ ಮೂಲಕ ನಡೆಯುವಂತೆ ಮಾಡಿತು. ಕೇರಳದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಅವುಗಳಲ್ಲಿ ಮೊದಲಿನವು. ಯಾರಾದರೂ ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಎಂದರೆ ಪಾಸ್‌ಪೋರ್ಟ್ ಕೊಡಬೇಡಿ. ಏಜೆಂಟನ ಹೆಸರನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿ, ಬರದಿದ್ದರೆ ಜಮಾಅತ್‌ನ ಓದಿದ ಹುಡುಗರಿಂದ ನೋಡಿಸಿ.

ನೇಮಕಾತಿ ಪತ್ರ

ಆಯ್ಕೆಯಾಯಿತು ಎಂದ ಕೂಡಲೇ ಸಿಹಿ ಹಂಚುವುದಕ್ಕೆ ಮೊದಲು ಪತ್ರ ಓದಿ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನದ ನೋಟಿಸ್, ಬಾಂಡ್ ಇದೆಯೇ, ಇದ್ದರೆ ಮೊತ್ತ ಎಷ್ಟು. ಭವಿಷ್ಯ ನಿಧಿಗೆ ಕಡಿತ ಆಗುತ್ತದೆಯೇ ನೋಡಿ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ, ಅದರಲ್ಲಿ ಹೆತ್ತವರ ಚಿಕಿತ್ಸೆಗೂ ದಾರಿ ಇರುವುದರಿಂದ ಕಡಿತ ಆಯಿತೆಂದು ಬೇಸರ ಬೇಡ. ಅರ್ಥವಾಗದ ಸಾಲಿಗೆ ಸಹಿ ಹಾಕಬೇಡಿ, ಒಂದು ದಿನ ಸಮಯ ಕೇಳಿ. ನಮ್ಮ ಮಸೀದಿಯ ಕಚೇರಿಯಲ್ಲಿ ಅಸ್ರ್ ಬಳಿಕ ಇಂಥ ಪತ್ರಗಳನ್ನು ಓದಿ ಹೇಳಬಲ್ಲವರು ಒಬ್ಬರಾದರೂ ಇರುತ್ತಾರೆ. ಹುಡುಗಿಯರ ಜೊತೆ ತಾಯಂದಿರೂ ಬರಬಹುದು. ಸಹಿ ಹಾಕಿದ ಮೇಲೆ ಪತ್ರದ ಒಂದು ಪ್ರತಿ ನಿಮ್ಮ ಕಡತದಲ್ಲೇ ಉಳಿಯಲಿ.